ತರಬೇತಿ ಕೊಳದಲ್ಲಿ ಸ್ಕೂಬಾ: ಮಾಸ್ಕ್ ತುಂಬ ನೀರಾದರೆ ಉಸಿರು ಕಟ್ಟುತ್ತದೆ, ಹೀಗೇ ಸಮುದ್ರಕ್ಕೆ ಇಳಿಯಬಹುದೇ?

ಹೊಸಮೀನು
ಎಲ್ಲರಿಗೂ ನಮಸ್ಕಾರ. ಸ್ಕೂಬಾ ಡೈವಿಂಗ್‌ನ ಮೊದಲ ಹಂತದ ಕೋರ್ಸ್‌ಗೆ ಸೇರಿದ್ದೇನೆ, ಈಗ ಕೊಳದ ತರಬೇತಿ ನಡೆಯುತ್ತಿದೆ. ನೀರೊಳಗೆ ಮೊದಲ ಉಸಿರು ಎಳೆದ ಕ್ಷಣದಿಂದಲೇ ಇದರ ಹುಚ್ಚು ಹಿಡಿದಿದೆ, ಅದರಲ್ಲಿ ಎರಡು ಮಾತಿಲ್ಲ. ಸಿಲಿಂಡರಿನ ಗಾಳಿಯನ್ನು ಬಾಯಿಗೆ ತಲುಪಿಸುವ ರೆಗ್ಯುಲೇಟರನ್ನು ಬಾಯಿಂದ ತೆಗೆದು ಮತ್ತೆ ಹಾಕಿಕೊಳ್ಳುವುದು, ಕೈತಪ್ಪಿದ ರೆಗ್ಯುಲೇಟರನ್ನು ತೋಳು ಬೀಸಿ ಹುಡುಕುವುದು, ಜೊತೆಗಾರರ ಬದಲಿ ರೆಗ್ಯುಲೇಟರ್‌ನಿಂದ ಉಸಿರಾಡುವುದು ಎಲ್ಲವೂ ಬರುತ್ತಿದೆ.

ತೊಡಕಿರುವುದು ಮಾಸ್ಕ್‌ನಲ್ಲಿ. ಅರ್ಧ ನೀರು ತುಂಬಿಸಿ ಹೊರಹಾಕುವುದು ಹೇಗೋ ಆಗುತ್ತದೆ. ಪೂರ್ತಿ ತುಂಬಿದರೆ ಕಲಿತದ್ದೆಲ್ಲ ಮರೆತುಹೋಗುತ್ತದೆ. ಮೂಗಿನ ಹೊಳ್ಳೆಗೆ ನೀರು ತಾಗಿದ ಕೂಡಲೇ ಉಸಿರು ಗಕ್ಕನೆ ನಿಲ್ಲುತ್ತದೆ. ಬಾಯಲ್ಲಿ ರೆಗ್ಯುಲೇಟರ್ ಇದ್ದರೂ ಗಾಳಿಯೇ ಇಲ್ಲವೇನೋ ಎನ್ನಿಸುತ್ತದೆ. ಆಮೇಲೆ ನೀರು ನೆತ್ತಿಗೇರಿ, ಒಮ್ಮೆ ಮೇಲಕ್ಕೆ ಚಿಮ್ಮಿಬಿಟ್ಟರೆ ಸಾಕು ಎನ್ನುವ ಸ್ಥಿತಿ.

ಬೋಧಕರು "ಚಿಂತೆ ಬೇಡ, ಉಳಿದದ್ದನ್ನು ಸಮುದ್ರದಲ್ಲೇ ಸರಿಪಡಿಸೋಣ, ಗುಂಪಿನ ಮಿಕ್ಕವರು ಸಿದ್ಧರಾಗಿದ್ದಾರೆ" ಎನ್ನುತ್ತಿದ್ದಾರೆ. ನನ್ನ ಮನಸ್ಸು ಒಪ್ಪುತ್ತಿಲ್ಲ. ಹಾಗೆಂದು ಗುಂಪನ್ನು ಕಾಯಿಸುವುದಕ್ಕೂ ಸಂಕೋಚ. ಏನು ಮಾಡಲಿ? ಜೊತೆಗೆ ಇನ್ನೆರಡು ಸಂಶಯಗಳಿವೆ. ಕೊಳದ ಆಳದ ತುದಿಗೆ ಇಳಿದಾಗ ಕಿವಿ ನೋಯುವುದು ಸಹಜವೇ? ನೀರಿನ ನಡುವೆ ಒಂದೇ ಮಟ್ಟದಲ್ಲಿ ನಿಲ್ಲಲು ಆಗದೆ ಮೇಲೆ ಕೆಳಗೆ ಹೊಯ್ದಾಡುವುದು ಎಲ್ಲರಿಗೂ ಆಗುತ್ತದೆಯೇ?

ಅಲೆಯಮೇಲೆ
ಎಲ್ಲರಿಗೂ ಆಗುತ್ತದೆ. ಸಮುದ್ರಕ್ಕೆ ಹೋಗಿ, ಮೀನು ನೋಡುತ್ತಿದ್ದಂತೆ ಮಾಸ್ಕ್‌ನ ಚಿಂತೆ ತಾನಾಗಿಯೇ ಬಿಟ್ಟುಹೋಗುತ್ತದೆ.

ಆಳದಾರಿ
ಅಲೆಯಮೇಲೆ ಅವರ ಮಾತನ್ನು ದಯವಿಟ್ಟು ಕೇಳಬೇಡಿ. ನಾನು ಹೊಸಬರಿಗೆ ಕಲಿಸುವವನು, ಆದ್ದರಿಂದ ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಕೊಳದಲ್ಲಿ ಬಾರದ ಕೌಶಲ ಸಮುದ್ರದಲ್ಲಿ ತಾನಾಗಿ ಬರುವುದಿಲ್ಲ. ಅಲ್ಲಿ ಅಲೆಯಿದೆ, ಸೆಳೆತವಿದೆ, ನೀರು ತಣ್ಣಗಿರುತ್ತದೆ, ಕೆಲವೊಮ್ಮೆ ಕೈಯಳತೆಯಷ್ಟು ದೂರವೂ ಕಾಣುವುದಿಲ್ಲ. ಕೊಳದಲ್ಲಿ ಇವುಗಳನ್ನೆಲ್ಲ ಹೊರಗಿಟ್ಟಿರುವುದೇ ನೀವು ಒಂದೊಂದು ತೊಡಕನ್ನು ಬಿಡಿಯಾಗಿ ಎದುರಿಸಲಿ ಎಂದು. ಎಲ್ಲ ಪ್ರಮುಖ ಸಂಸ್ಥೆಗಳ ಕೋರ್ಸ್‌ಗಳಲ್ಲೂ ಕೊಳದ ಭಾಗ ಮೊದಲು, ತೆರೆದ ನೀರು ಆಮೇಲೆ. ಉದಾಹರಣೆಗೆ ಪ್ಯಾಡಿ ಎಂಬ ತರಬೇತಿ ಸಂಸ್ಥೆಯ ಮೊದಲ ಹಂತದಲ್ಲಿ ಕೊಳದ ಐದು ಪಾಠಗಳು, ಆಮೇಲೆ ತೆರೆದ ನೀರಿನ ನಾಲ್ಕು ಡೈವ್‌ಗಳು. ಒಂದು ಕೌಶಲವನ್ನು ಒಮ್ಮೆ ಹೇಗೋ ಮಾಡಿ ಮುಗಿಸಿದರೆ ಕಲಿತಂತಲ್ಲ. ಕೇಳಿದಾಗಲೆಲ್ಲ ನೆಮ್ಮದಿಯಿಂದ ಮಾಡಲು ಬರಬೇಕು.

ಇನ್ನು ನಿಮ್ಮ ಮಾಸ್ಕ್ ವಿಷಯ. ನಿಮ್ಮಲ್ಲಿ ಯಾವ ಕೊರತೆಯೂ ಇಲ್ಲ. ಮುಖಕ್ಕೆ, ಅದರಲ್ಲೂ ಮೂಗಿನ ಸುತ್ತ ನೀರು ತಾಗಿದಾಗ ಉಸಿರು ತಡೆಹಿಡಿಯುವುದು ದೇಹದ ಹುಟ್ಟುಗುಣ. ಅದರ ಮೇಲೆ ಹೊಸ ಅಭ್ಯಾಸವೊಂದನ್ನು ಕೂರಿಸಬೇಕು. ಹೀಗೆ ಮಾಡಿ ನೋಡಿ. ಎದೆಮಟ್ಟದ ನೀರಿನಲ್ಲಿ ನಿಂತುಕೊಳ್ಳಿ. ಮಾಸ್ಕ್ ತೆಗೆದು ಬೋಧಕರ ಕೈಗೆ ಕೊಟ್ಟುಬಿಡಿ. ರೆಗ್ಯುಲೇಟರ್ ಕಚ್ಚಿಕೊಂಡು ಮುಖವನ್ನಷ್ಟೇ ನೀರಿಗೆ ಇಳಿಸಿ, ಬಾಯಿಂದ ಎಳೆದುಕೊಂಡು ಬಾಯಿಂದಲೇ ಬಿಡಿ. ಮೊದಮೊದಲು ಹೊಳ್ಳೆಯ ಅಂಚಿನಲ್ಲಿ ನೀರು ಕಚಗುಳಿಯಿಟ್ಟು ಹೆದರಿಸುತ್ತದೆ, ಆದರೆ ನೀವು ಮೂಗಿನಿಂದ ಎಳೆದುಕೊಳ್ಳದಿದ್ದರೆ ಅದು ಅಲ್ಲಿಯೇ ನಿಲ್ಲುತ್ತದೆ. ಅದು ಅಲ್ಲಿಯೇ ನಿಲ್ಲುತ್ತದೆ ಎನ್ನುವುದನ್ನು ನಿಮ್ಮ ದೇಹವೇ ಕಂಡುಕೊಳ್ಳಬೇಕು, ನಾನು ಹೇಳಿ ಪ್ರಯೋಜನವಿಲ್ಲ. ಅದು ಹಿಡಿತಕ್ಕೆ ಬಂದ ಮೇಲೆ ಬಾಯಿಂದ ಎಳೆದು ಮೂಗಿನಿಂದ ಬಿಡಿ. ಆಮೇಲೆ ಅದನ್ನೇ ಮಂಡಿಯೂರಿ ಪೂರ್ತಿ ಮುಳುಗಿ ಮಾಡಿ. ಮಾಸ್ಕ್ ಖಾಲಿ ಮಾಡುವುದು ಇದೆಲ್ಲ ಆದ ನಂತರದ ಮಾತು.

ಗುಂಪಿನ ಸಂಕೋಚ ಬಿಡಿ. ಇನ್ನೊಂದು ಕೊಳದ ತರಗತಿ ಬೇಕು ಎಂದು ನೇರವಾಗಿ ಕೇಳಿ. ಕೇಳಲು ನಿಮಗೆ ಪೂರ್ತಿ ಹಕ್ಕಿದೆ.

ಕಪ್ಪೆಚಿಪ್ಪು
ಆಳದಾರಿ ಹೇಳಿದ್ದೆಲ್ಲ ಸರಿ, ಒಂದು ಸೇರಿಸುತ್ತೇನೆ. ಅನೇಕರು ಮಾಸ್ಕ್ ತುಂಬಿದ ಕೂಡಲೇ ತಲೆ ಮೇಲೆತ್ತುತ್ತಾರೆ, ಏಕೆಂದರೆ "ಮೇಲೆ ನೋಡಿ ಊದಿ" ಎಂದು ಹೇಳಿಕೊಟ್ಟಿರುತ್ತಾರೆ. ಊದುವ ಮೊದಲೇ ತಲೆ ಎತ್ತಿದರೆ ಮಾಸ್ಕ್‌ನಲ್ಲಿರುವ ನೀರೆಲ್ಲ ಸೀದಾ ಹೊಳ್ಳೆಗೆ ಇಳಿಯುತ್ತದೆ. ಕ್ರಮ ಹೀಗಿರಲಿ: ಮುಖ ನೇರವಾಗಿರಲಿ ಅಥವಾ ಗದ್ದ ತುಸು ಎದೆಯ ಕಡೆಗಿರಲಿ. ಬೆರಳುಗಳಿಂದ ಮಾಸ್ಕ್‌ನ ಮೇಲಂಚನ್ನು ಹಣೆಗೆ ಒತ್ತಿ. ಮೂಗಿನಿಂದ ಗಾಳಿ ಬಿಡಲು ಶುರುಮಾಡಿ. ಗಾಳಿ ಹೊರಡುತ್ತಿರುವಾಗಲೇ ನಿಧಾನವಾಗಿ ತಲೆ ಎತ್ತಿ. ಗಾಳಿ ಮೇಲೆ ಸೇರಿಕೊಂಡು ನೀರನ್ನು ಕೆಳಗಿನ ಅಂಚಿನಿಂದ ದೂಡುತ್ತದೆ.

ಬಿರುಸಾಗಿ ಊದಬೇಡಿ. ಬಿರುಸಾಗಿ ಊದಿದರೆ ಗಾಳಿ ಪಕ್ಕದಿಂದ ಸೋರಿಹೋಗುತ್ತದೆ, ನೀರು ಹಾಗೆಯೇ ಉಳಿಯುತ್ತದೆ.

ಗುಳ್ಳೆಮಾತು
ಮೂಗಿನಿಂದ ಬಿಡುವುದು ಹೇಗೆಂದೇ ತಿಳಿಯದವರಿಗೆ ಒಂದು ಉಪಾಯ: ತುಟಿ ಬಿಗಿದು "ಮ್‌ಮ್‌ಮ್" ಎಂದು ಗುನುಗಿ. ಗುನುಗುವಾಗ ಗಾಳಿ ಮೂಗಿನಿಂದ ಹೋಗಲೇಬೇಕು, ಬೇರೆ ದಾರಿಯಿಲ್ಲ. ಗುನುಗುತ್ತ ಮೂಗಿನಿಂದ ಒಳಗೆ ಎಳೆದುಕೊಳ್ಳಲು ಯಾರಿಂದಲೂ ಆಗುವುದಿಲ್ಲ. ನನ್ನ ತಂಗಿಗೆ ಮಾಸ್ಕ್ ಭಯ ಬಿಟ್ಟದ್ದು ಇದರಿಂದಲೇ.

ಅಲೆಯಮೇಲೆ
ಎಲ್ಲರೂ ಸೇರಿ ಹೊಸಬರನ್ನು ಸುಮ್ಮನೆ ಹೆದರಿಸುತ್ತಿದ್ದೀರಿ. ಕೊಳ ಮೂರು ಮೀಟರ್ ಆಳವಿದ್ದರೆ ಹೆಚ್ಚು. ಏನಾದರೂ ತಪ್ಪಿದರೆ ಉಸಿರು ಬಿಗಿಹಿಡಿದು ಮೇಲೆ ಬಂದುಬಿಟ್ಟರಾಯಿತು. ಅಷ್ಟು ಕಡಿಮೆ ಆಳದಿಂದ ಬಂದರೆ ಏನೂ ಆಗುವುದಿಲ್ಲ.

ನೀಲಿರೆಕ್ಕೆ
ಇಲ್ಲ! ಇದನ್ನು ಓದುತ್ತಿರುವ ಹೊಸಬರೆಲ್ಲ ದಯವಿಟ್ಟು ಇಲ್ಲಿ ಗಮನ ಕೊಡಿ. ಅಲೆಯಮೇಲೆ ಅವರು ಈಗ ಬರೆದದ್ದು ಈ ಇಡೀ ಚರ್ಚೆಯಲ್ಲಿ ಬಂದಿರುವ ಅತ್ಯಂತ ಅಪಾಯಕಾರಿ ಮಾತು. ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು, ಡೈವ್ ಕೂಡ ಮಾಡುತ್ತೇನೆ.

ಈಜುಗಾರ ದಡದಲ್ಲಿ ಉಸಿರು ತುಂಬಿಕೊಂಡು ಮುಳುಗಿ ಮೇಲೆ ಬರುವುದು ಬೇರೆ. ಅವನ ಎದೆಯಲ್ಲಿರುವುದು ಮೇಲಿನ ಗಾಳಿ, ಮೇಲೆ ಬಂದಾಗ ಅದು ಮೊದಲಿನ ಗಾತ್ರಕ್ಕೆ ಮರಳುತ್ತದೆ, ಅಷ್ಟೇ. ಸ್ಕೂಬಾ ಹಾಗಲ್ಲ. ನೀವಿರುವ ಆಳದ ಒತ್ತಡ ಎಷ್ಟಿದೆಯೋ ಅಷ್ಟೇ ಒತ್ತಡದ ಗಾಳಿಯನ್ನು ರೆಗ್ಯುಲೇಟರ್ ಕೊಡುತ್ತದೆ. ಸಮುದ್ರದಲ್ಲಿ ಪ್ರತಿ 10 ಮೀಟರಿಗೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ, ಸಿಹಿನೀರಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ನೀರಿನ ಮೇಲಿನ ಒಂದು ವಾಯುಮಂಡಲವೂ ಸೇರಿ 3 ಮೀಟರ್ ಆಳದಲ್ಲಿ ಸುಮಾರು 1.3. ಅಲ್ಲಿ ಶ್ವಾಸಕೋಶವನ್ನು 6 ಲೀಟರ್ ತುಂಬಿಸಿಕೊಂಡು ಬಾಯಿ ಬಿಗಿದು ಮೇಲೆ ಬಂದರೆ ಆ ಗಾಳಿ 7.8 ಲೀಟರ್ ಆಗಲು ಹೊರಡುತ್ತದೆ. ಶ್ವಾಸಕೋಶ ಅಷ್ಟು ಹಿಗ್ಗುವುದಿಲ್ಲ, ಹರಿಯುತ್ತದೆ. ಹರಿದ ಕಡೆಯಿಂದ ಗಾಳಿಯ ಗುಳ್ಳೆ ರಕ್ತನಾಳಕ್ಕೆ ಸೇರಿ ಮಿದುಳಿಗೆ ಹೋದರೆ ಪಾರ್ಶ್ವವಾಯುವಿನಂಥ ಲಕ್ಷಣಗಳು, ಪ್ರಜ್ಞೆ ತಪ್ಪುವುದು, ಸಾವು ಕೂಡ. ಪೂರ್ತಿ ತುಂಬಿದ ಶ್ವಾಸಕೋಶಕ್ಕೆ ಒಂದು ಮೀಟರಿಗಿಂತ ತುಸು ಹೆಚ್ಚಿನ ಆಳವೇ ಸಾಕು. ಇದು ಸಾಗರದ ಅಪಾಯ, ಕೊಳಕ್ಕೆ ಬರುವುದಿಲ್ಲ ಎಂದುಕೊಂಡವರು ಲೆಕ್ಕವನ್ನು ತಲೆಕೆಳಗಾಗಿ ಹಿಡಿದಿದ್ದಾರೆ. 30 ಮೀಟರಿನಿಂದ 20 ಮೀಟರಿಗೆ ಬಂದಾಗ ಗಾಳಿ ಮೂರನೇ ಒಂದು ಭಾಗದಷ್ಟು ಹಿಗ್ಗುತ್ತದೆ. 10 ಮೀಟರಿನಿಂದ ಮೇಲಕ್ಕೆ ಬಂದಾಗ ಎರಡರಷ್ಟಾಗುತ್ತದೆ. ಕಡಿಮೆ ಆಳದಲ್ಲಿಯೇ ಹಿಗ್ಗುವಿಕೆಯ ವೇಗ ಹೆಚ್ಚು.

ಆದ್ದರಿಂದಲೇ ಮೊದಲ ದಿನದ ಮೊದಲ ನಿಯಮ: ಉಸಿರಾಡುತ್ತಲೇ ಇರಿ, ಎಂದಿಗೂ ತಡೆಹಿಡಿಯಬೇಡಿ. ರೆಗ್ಯುಲೇಟರ್ ಬಾಯಿಂದ ಹೊರಗಿದ್ದಾಗಲೂ ಸಣ್ಣ ಗುಳ್ಳೆಗಳನ್ನು ಬಿಡುತ್ತಿರಿ. ಗಾಬರಿಯಲ್ಲಿ ಮೇಲೆ ಚಿಮ್ಮಲೇಬೇಕಾಗಿ ಬಂದರೂ "ಆ" ಎನ್ನುತ್ತ ಗಾಳಿ ಬಿಡುತ್ತಲೇ ಬನ್ನಿ.

ಹೊಸಮೀನು ಅವರೇ, ಮಾಸ್ಕ್ ತುಂಬಿದಾಗ ನಿಮ್ಮ ಉಸಿರು ಗಕ್ಕನೆ ನಿಲ್ಲುತ್ತದೆ, ಮೇಲೆ ಚಿಮ್ಮಬೇಕೆನ್ನಿಸುತ್ತದೆ ಎಂದು ಬರೆದಿದ್ದೀರಿ. ಇವೆರಡೂ ಒಟ್ಟಿಗೆ ಬಂದರೆ ನಾನು ಈಗ ಹೇಳಿದ್ದೇ ಆಗುತ್ತದೆ. ಅದಕ್ಕಾಗಿಯೇ ಇದನ್ನು ಸಮುದ್ರಕ್ಕೆ ಮುಂದೂಡಬಾರದು.

ತೇಲುಮರ
ನೀಲಿರೆಕ್ಕೆ ಬರೆದದ್ದನ್ನು ಪ್ರತಿ ತರಬೇತಿ ಕೊಳದ ಗೋಡೆಗೂ ಅಂಟಿಸಬೇಕು.

ಅಲೆಯಮೇಲೆ
ಉಸಿರು ತಡೆಹಿಡಿಯಬಾರದು ಎನ್ನುವುದರಲ್ಲಿ ವಾದವಿಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಕೊಳದಲ್ಲೇ ಪರಿಪೂರ್ಣರಾಗುವವರೆಗೆ ಕಾಯುವವರು ಕೊನೆಗೆ ಕೋರ್ಸನ್ನೇ ಬಿಟ್ಟುಬಿಡುತ್ತಾರೆ. ಅಂಥವರನ್ನು ಕಂಡಿದ್ದೇನೆ. ನೀಲಿ ನೀರು ನೋಡಿದಾಗ ಹುಟ್ಟುವ ಉತ್ಸಾಹಕ್ಕೆ ಬೆಲೆಯಿಲ್ಲವೇ?

ಆಳದಾರಿ
ಉತ್ಸಾಹಕ್ಕೆ ಬೆಲೆಯಿದೆ. ಆದರೆ ಅರ್ಧ ಕಲಿತು ಸಮುದ್ರಕ್ಕೆ ಹೋಗಿ ಗಾಬರಿಬಿದ್ದು ಮತ್ತೆಂದೂ ನೀರಿನ ಕಡೆ ತಲೆಹಾಕದವರನ್ನು ನಾನು ಕಂಡಿದ್ದೇನೆ. ಕೊಳ ಬೇಸರವಾಗಿ ಬಿಟ್ಟವರಿಗಿಂತ ಇವರೇ ಹೆಚ್ಚು ನೋವು ಕೊಡುತ್ತಾರೆ. ಪರಿಪೂರ್ಣತೆ ಯಾರೂ ಕೇಳುತ್ತಿಲ್ಲ. ನೆಮ್ಮದಿ ಕೇಳುತ್ತಿದ್ದೇವೆ.

ಈಜುಬಾರದವ
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಈಜು ಅಷ್ಟಾಗಿ ಬಾರದವರು ಇದನ್ನು ಕಲಿಯಬಹುದೇ?

ಕಪ್ಪೆಚಿಪ್ಪು
ಕೊಳದಲ್ಲಿ ಬೋಧಕರ ಕೈಹಿಡಿದು ಒಮ್ಮೆ ಅನುಭವ ಪಡೆಯುವುದಕ್ಕೆ ಈಜು ಬೇಕಿಲ್ಲ. ಪೂರ್ಣ ಪ್ರಮಾಣಪತ್ರಕ್ಕೆ ಬೇಕು. ಪ್ಯಾಡಿಯಲ್ಲಾದರೆ 200 ಮೀಟರ್ ನಿಲ್ಲದೆ ಈಜಬೇಕು, ಇಲ್ಲವೇ ಮಾಸ್ಕ್, ಫಿನ್ (ಕಾಲಿಗೆ ತೊಡುವ ರೆಕ್ಕೆ), ಸ್ನಾರ್ಕೆಲ್ (ಉಸಿರಾಡುವ ಕೊಳವೆ) ಹಾಕಿಕೊಂಡು 300 ಮೀಟರ್. ಶೈಲಿ ಯಾವುದಾದರೂ ಸರಿ, ಗಡಿಯಾರ ಹಿಡಿದು ಯಾರೂ ನಿಲ್ಲುವುದಿಲ್ಲ. ಜೊತೆಗೆ ಯಾವ ಆಸರೆಯೂ ಇಲ್ಲದೆ 10 ನಿಮಿಷ ನೀರಿನ ಮೇಲೆ ಇರಲು ಬರಬೇಕು. ಮೊದಲು ಈಜು ಕಲಿತುಬಿಡಿ, ಅದರಿಂದ ಬರುವ ಧೈರ್ಯವನ್ನು ಯಾವ ಸಲಕರಣೆಯೂ ಕೊಡುವುದಿಲ್ಲ.

ತೇಲುಮರ
ಕಿವಿಯ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಕಿವಿಯ ತಮಟೆಯ ಹಿಂದೆ ಗಾಳಿ ತುಂಬಿದ ಜಾಗವಿದೆ. ನೀವು ಇಳಿದಂತೆ ಹೊರಗಿನ ಒತ್ತಡ ತಮಟೆಯನ್ನು ಒಳಕ್ಕೆ ತಳ್ಳುತ್ತದೆ, ನೋವು ಅದರಿಂದ. ಮೂಗು ಹಿಡಿದು ಮೆಲ್ಲಗೆ ಊದಿದರೆ ಗಂಟಲಿನಿಂದ ಕಿವಿಗೆ ಹೋಗುವ ಕಿರುನಾಳ ತೆರೆದು ಒಳಗಿನ ಒತ್ತಡ ಸರಿಹೋಗುತ್ತದೆ. ಸಹಜವೇ ಎಂದು ಕೇಳಿದ್ದೀರಿ. ತುಸು ಒತ್ತಿದಂತೆ ಅನ್ನಿಸುವುದು ಸಹಜ, ನೋವು ಸಹಜವಲ್ಲ. ನೋವು ಬಂದಿದೆ ಎಂದರೆ ಆಗಲೇ ತಡವಾಗಿದೆ. ಇಳಿಯುವ ಮೊದಲೇ ನೀರಿನ ಮೇಲೆ ಒಮ್ಮೆ, ಆಮೇಲೆ ಅರ್ಧ ಅರ್ಧ ಮೀಟರಿಗೂ ಮಾಡುತ್ತ ಹೋಗಿ. ತಲೆ ಮೇಲಾಗಿ, ಕಾಲು ಕೆಳಗಾಗಿ ಇಳಿದರೆ ಸುಲಭ.

ಗುಳ್ಳೆಮಾತು
ನನಗೆ ಜೋರಾಗಿ ಊದಿದರೆ ಮಾತ್ರ ಕಿವಿ ಬಿಡುತ್ತದೆ. ಟಪ್ ಎಂದು ಶಬ್ದ ಬರುವವರೆಗೆ ಊದುತ್ತೇನೆ.

ನೀಲಿರೆಕ್ಕೆ
ಜೋರಾಗಿ ಊದುವುದನ್ನು ನಿಲ್ಲಿಸಿ. ಬಲವಂತ ಮಾಡಿದರೆ ಒಳಕಿವಿಗೇ ಪೆಟ್ಟಾಗಬಹುದು, ಅದು ತಮಟೆಯಂತೆ ಸುಲಭವಾಗಿ ವಾಸಿಯಾಗುವುದಿಲ್ಲ. ಮೂಗು ಹಿಡಿದು ಊದುವ ಈ ಕ್ರಮಕ್ಕೆ ಇಟಲಿಯ ವೈದ್ಯ ವಾಲ್ಸಾಲ್ವಾ ಅವರ ಹೆಸರಿದೆ, ಅವರು 1704ರಲ್ಲಿ ವಿವರಿಸಿದ್ದರು. ಅದೊಂದೇ ದಾರಿಯಲ್ಲ. ಮೂಗು ಹಿಡಿದು ಎಂಜಲು ನುಂಗಿ ನೋಡಿ, ದವಡೆಯನ್ನು ಆಡಿಸಿ ನೋಡಿ. ಆಗದಿದ್ದರೆ ಒಂದು ಮೀಟರ್ ಮೇಲೆ ಬಂದು ಮತ್ತೆ ಪ್ರಯತ್ನಿಸಿ. ಆಗಲೂ ಆಗದಿದ್ದರೆ ಅಂದಿಗೆ ಡೈವ್ ಮುಗಿಯಿತು. ನೆಗಡಿಯಿದ್ದಾಗ ಕೊಳಕ್ಕೂ ಇಳಿಯಬೇಡಿ. ನೆಗಡಿಯ ಮಾತ್ರೆ ನುಂಗಿ ಇಳಿಯುವುದು ಇನ್ನೂ ಕೆಟ್ಟದ್ದು, ನೀರೊಳಗಿರುವಾಗಲೇ ಅದರ ಪ್ರಭಾವ ಇಳಿದರೆ ಮೇಲೆ ಬರುವಾಗ ಗಾಳಿ ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ.

ಹೊಸಮೀನು
ಇಷ್ಟು ಬೇಗ ಇಷ್ಟು ಉತ್ತರಗಳು! ತುಂಬ ಧನ್ಯವಾದಗಳು. ಗುನುಗುವ ಉಪಾಯವನ್ನು ಕೋಣೆಯಲ್ಲಿ ಕುಳಿತೇ ಪ್ರಯತ್ನಿಸುತ್ತಿದ್ದೇನೆ. ಮೇಲೆ ಕೆಳಗೆ ಹೊಯ್ದಾಡುವ ಬಗ್ಗೆ ಯಾರಾದರೂ ಹೇಳುತ್ತೀರಾ? ನಮ್ಮ ತರಗತಿಯಲ್ಲಿ ಎಲ್ಲ ಕೌಶಲಗಳನ್ನೂ ಕೊಳದ ತಳದಲ್ಲಿ ಮಂಡಿಯೂರಿ ಕುಳಿತು ಮಾಡಿಸಿದರು. ಅಲ್ಲಿಂದ ಎದ್ದ ಕೂಡಲೇ ನನ್ನ ಹಿಡಿತ ತಪ್ಪುತ್ತದೆ.

ಆಳದಾರಿ
ಕಾರಣ ನೀವೇ ಹೇಳಿಬಿಟ್ಟಿರಿ. ತಳಕ್ಕೆ ಅಂಟಿ ಕುಳಿತುಕೊಳ್ಳಲೆಂದು ನಿಮಗೆ ಬೇಕಾದ್ದಕ್ಕಿಂತ ಹೆಚ್ಚು ಸೀಸದ ತೂಕ ಕಟ್ಟಿರುತ್ತಾರೆ. ಆ ಹೆಚ್ಚುವರಿ ತೂಕವನ್ನು ಸರಿದೂಗಿಸಲು ಬಿಸಿಡಿಗೆ, ಅಂದರೆ ಗಾಳಿ ತುಂಬುವ ಆ ಜಾಕೆಟ್ಟಿಗೆ, ಹೆಚ್ಚು ಗಾಳಿ ತುಂಬಬೇಕಾಗುತ್ತದೆ. ಗಾಳಿ ಹೆಚ್ಚಿದಷ್ಟೂ ಆಳ ಸ್ವಲ್ಪ ಬದಲಾದರೂ ಅದು ಹಿಗ್ಗುವುದು ಕುಗ್ಗುವುದು ಹೆಚ್ಚು, ಹೊಯ್ದಾಟವೂ ಹೆಚ್ಚು. ಬ್ರೇಕ್ ಒತ್ತಿಕೊಂಡೇ ಗಾಡಿ ಓಡಿಸಲು ಕಲಿಸಿದಂತೆ ಇದು.

ಸರಿಯಾದ ತೂಕ ಕಂಡುಕೊಳ್ಳುವುದು ಹೀಗೆ: ಆಳದ ಕಡೆ ನೀರಿನ ಮೇಲೆ ನೆಟ್ಟಗೆ ನಿಂತಂತೆ ಇರಿ, ಬಿಸಿಡಿಯ ಗಾಳಿ ಪೂರ್ತಿ ಬಿಡಿ, ಸಾಮಾನ್ಯ ಉಸಿರು ಹಿಡಿದುಕೊಳ್ಳಿ. ನೀರು ನಿಮ್ಮ ಕಣ್ಣಿನ ಮಟ್ಟಕ್ಕೆ ಬಂದು ನಿಲ್ಲಬೇಕು, ಉಸಿರು ಬಿಟ್ಟಾಗ ನಿಧಾನವಾಗಿ ಮುಳುಗಬೇಕು. ಇಲ್ಲಿ ಉಸಿರು ಹಿಡಿಯುವುದು ನೀರಿನ ಮೇಲೆಯೇ, ಆದ್ದರಿಂದ ನೀಲಿರೆಕ್ಕೆ ಅವರ ನಿಯಮಕ್ಕೆ ಇದು ವಿರುದ್ಧವಲ್ಲ.

ಆಮೇಲೆ ಆಟವೆಲ್ಲ ಉಸಿರಿನದು. ಆಳವಾದ ಒಂದು ಉಸಿರಿಗೆ ಎರಡು ಲೀಟರಿನಷ್ಟು ಗಾಳಿ ಒಳಗೆ ಬಂತೆಂದರೆ ನಿಮ್ಮನ್ನು ಎರಡು ಕಿಲೋದಷ್ಟು ಬಲ ಮೇಲಕ್ಕೆ ಎತ್ತುತ್ತದೆ. ಆದರೆ ತಕ್ಷಣ ಎತ್ತುವುದಿಲ್ಲ, ಒಂದೆರಡು ಕ್ಷಣ ತಡ. ಹೊಸಬರು ಎಡವುವುದು ಇಲ್ಲಿಯೇ. ಉಸಿರೆಳೆದರೂ ಏರಲಿಲ್ಲವೆಂದು ಗುಂಡಿ ಒತ್ತಿ ಬಿಸಿಡಿಗೂ ಗಾಳಿ ತುಂಬುತ್ತಾರೆ, ಅಷ್ಟರಲ್ಲಿ ಎರಡೂ ಸೇರಿ ಎತ್ತಿಬಿಡುತ್ತವೆ. ತಳದಲ್ಲಿ ಬೋರಲಾಗಿ ಮಲಗಿ, ಫಿನ್‌ನ ತುದಿ ಮಾತ್ರ ಹೆಂಚಿಗೆ ತಾಗಿರಲಿ. ಗಾಳಿಯನ್ನು ಗುಕ್ಕು ಗುಕ್ಕಾಗಿ ತುಂಬುತ್ತ, ಎಳೆದಾಗ ಎದೆ ಏರಿ ಬಿಟ್ಟಾಗ ಇಳಿಯುವ ಹದ ಸಿಗುವವರೆಗೆ ಕಾಯಿರಿ. ಆ ಹದ ಸಿಕ್ಕಿದ ಮೇಲೆ ಕೈಯಾಡಿಸುವುದನ್ನು ನಿಲ್ಲಿಸಿ.

ಹಳೆಯಲಂಗರು
ಮಂಡಿಯೂರಿ ಕಲಿಸುವುದನ್ನು ಈಗ ಎಲ್ಲರೂ ಹೀಗಳೆಯುತ್ತಾರೆ. ನಾನು ಹಾಗೆಯೇ ಕಲಿತೆ, ಹಾಗೆಯೇ ಕಲಿಸಿದೆ. ಮಾಸ್ಕ್‌ಗೆ ನೀರು ಬಿದ್ದರೇ ನಡುಗುವವರನ್ನು ನೀರಿನ ನಡುವೆ ತೇಲಲು ಬಿಟ್ಟು "ಈಗ ಮಾಸ್ಕ್ ಖಾಲಿ ಮಾಡು" ಎಂದರೆ ಆಗುತ್ತದೆಯೇ? ಮೊದಲು ಕೆಳಗೊಂದು ನೆಲೆ ಬೇಕು. ಅಲ್ಲದೆ ಒಬ್ಬ ಬೋಧಕನಿಗೆ ನಾಲ್ಕೈದು ಜನ ಇದ್ದಾಗ ಎಲ್ಲರೂ ಒಂದು ಸಾಲಿನಲ್ಲಿ ಕುಳಿತಿದ್ದರೆ ಮಾತ್ರ ಪ್ರತಿಯೊಬ್ಬರ ಕಣ್ಣನ್ನೂ ನೋಡಲು ಸಾಧ್ಯ. ಕಣ್ಣು ನೋಡಿದರೆ ಗಾಬರಿ ಬರುವ ಮೊದಲೇ ತಿಳಿಯುತ್ತದೆ. ರೆಪ್ಪೆ ಬಡಿಯದೆ ದೊಡ್ಡದಾಗಿ ತೆರೆದ ಕಣ್ಣು, ಗುಳ್ಳೆಗಳ ನಡುವಿನ ಬಿಡುವು ಕಡಿಮೆಯಾಗುವುದು, ಕೈ ಮಾಸ್ಕ್‌ನ ಕಡೆಗೆ ಮತ್ತೆ ಮತ್ತೆ ಹೋಗುವುದು. ಇವನ್ನು ಹಿಡಿಯಲು ವಿದ್ಯಾರ್ಥಿ ಒಂದೆಡೆ ನಿಂತಿರಬೇಕು.

ಗುಳ್ಳೆಮಾತು
ಅದರ ಫಲವನ್ನು ಸಮುದ್ರದಲ್ಲಿ ನಾವು ನೋಡುತ್ತೇವೆ ಹಳೆಯಲಂಗರು ಅವರೇ. ಮಾಸ್ಕ್ ಸ್ವಲ್ಪ ಸೋರಿದರೂ ಸಾಕು, ಮಂಡಿಯೂರಲು ನೆಲ ಹುಡುಕುತ್ತಾರೆ. ಹವಳದ ಮೇಲೆ ಧೊಪ್ಪನೆ ಕುಳಿತವರನ್ನು ಕಣ್ಣಾರೆ ಕಂಡಿದ್ದೇನೆ. ವರ್ಷಗಟ್ಟಲೆ ಬೆಳೆದ ಹವಳ ಒಂದೇ ಏಟಿಗೆ ಮುರಿಯುತ್ತದೆ. ಕೆಳಗೆ ನೆಲವೇ ಇಲ್ಲದ ಜಾಗದಲ್ಲಾದರೆ ಇಳಿಯುತ್ತಲೇ ಹೋಗುತ್ತಾರೆ.

ಹಳೆಯಲಂಗರು
ಅದು ಕಲಿಕೆಯನ್ನು ಮಂಡಿಯೂರುವಲ್ಲಿಗೇ ನಿಲ್ಲಿಸಿದವರ ತಪ್ಪು. ಮಂಡಿಯೂರಿ ಆರಂಭಿಸಬಾರದು ಎನ್ನುವುದಕ್ಕೆ ಅದು ಕಾರಣವಾಗುವುದಿಲ್ಲ.

ಆಳದಾರಿ
ಹಾಗಾದರೆ ನಮ್ಮಿಬ್ಬರ ನಡುವೆ ಅಷ್ಟೇನೂ ದೂರವಿಲ್ಲ. ಮೊದಲ ಪ್ರಯತ್ನ ನಿಂತು ಅಥವಾ ಮಂಡಿಯೂರಿ ಆಗಲಿ. ಅದೇ ಕೌಶಲವನ್ನು ಕೊಳ ಬಿಡುವ ಮೊದಲು ತೇಲುತ್ತ ಮಾಡಿ ತೋರಿಸಲಿ. ನನ್ನ ತಕರಾರು ತೂಕದ ಬಗ್ಗೆ. ಮಂಡಿಯೂರಿಸಲೆಂದು ಕಟ್ಟಿದ ಹೆಚ್ಚುವರಿ ಸೀಸವನ್ನು ಆಮೇಲೆ ಯಾರೂ ಬಿಚ್ಚುವುದಿಲ್ಲ, ವಿದ್ಯಾರ್ಥಿ ಅದನ್ನೇ ತನ್ನ ತೂಕವೆಂದು ನಂಬಿ ಸಮುದ್ರಕ್ಕೂ ಕಟ್ಟಿಕೊಂಡು ಹೋಗುತ್ತಾನೆ.

ಹಳೆಯಲಂಗರು
ತೂಕದ ವಿಷಯದಲ್ಲಿ ನಿಮ್ಮ ಮಾತು ನ್ಯಾಯವಾದದ್ದು.

ಕನ್ನಡಕಧಾರಿ
ವಿಷಯ ಬೇರೆಡೆಗೆ ಎಳೆಯುತ್ತಿದ್ದೇನೆ. ಕನ್ನಡಕ ಹಾಕುವವರು ಏನು ಮಾಡಬೇಕು? ಈಜುಕನ್ನಡಕವನ್ನು ನಂಬರ್‌ಗೆ ಮಾಡಿಸಿಕೊಂಡಿದ್ದೇನೆ, ಅದನ್ನೇ ಬಳಸಬಹುದೇ?

ತೇಲುಮರ
ಈಜುಕನ್ನಡಕ ಖಂಡಿತ ಬೇಡ. ಆಳಕ್ಕೆ ಇಳಿದಾಗ ಅದರೊಳಗಿನ ಗಾಳಿ ಕುಗ್ಗಿ ಕಣ್ಣನ್ನು ಹೀರಿಕೊಳ್ಳುತ್ತದೆ, ಕಣ್ಣಿನ ಬಿಳಿಭಾಗದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಡೈವಿಂಗ್ ಮಾಸ್ಕ್ ಮೂಗನ್ನೂ ಒಳಗೊಂಡಿರುವುದು ಮೂಗಿನಿಂದ ಗಾಳಿ ಬಿಟ್ಟು ಆ ಜಾಗವನ್ನು ತುಂಬಲೆಂದೇ. ಅನೇಕ ಮಾಸ್ಕ್‌ಗಳಿಗೆ ನಂಬರ್ ಇರುವ ಗಾಜು ಹಾಕಿಸಬಹುದು. ನಂಬರ್ ಕಡಿಮೆಯಿದ್ದರೆ ಬೇಕಾಗದೆಯೂ ಇರಬಹುದು, ನೀರಿನಲ್ಲಿ ವಸ್ತುಗಳು ಹೇಗೂ ಮೂರನೇ ಒಂದು ಭಾಗದಷ್ಟು ದೊಡ್ಡದಾಗಿ, ಇರುವುದಕ್ಕಿಂತ ಹತ್ತಿರವಾಗಿ ಕಾಣುತ್ತವೆ. ಕೊಳದಲ್ಲಿ ರೆಗ್ಯುಲೇಟರ್ ಹಿಡಿಯಲು ಕೈಚಾಚಿದವರ ಬೆರಳು ಮೊದಲ ಸಲ ಅದರ ಈಚೆಗೇ ಮುಚ್ಚಿಕೊಳ್ಳುವುದೂ ಇದರಿಂದಲೇ.

ನೀಲಿರೆಕ್ಕೆ
ಮೃದುವಾದ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಳ್ಳಬಹುದು, ಆದರೆ ಮಾಸ್ಕ್ ತೆಗೆಯುವ ಅಭ್ಯಾಸ ಮಾಡುವಾಗ ಕಣ್ಣು ಮುಚ್ಚಿಕೊಂಡಿರಬೇಕು. ಬೋಧಕರಿಗೆ ಮೊದಲೇ ತಿಳಿಸಿ, ಇಲ್ಲದಿದ್ದರೆ ಕಣ್ಣು ಮುಚ್ಚಿದ್ದು ಗಾಬರಿಯಿಂದ ಎಂದುಕೊಳ್ಳುತ್ತಾರೆ.

ಕಪ್ಪೆಚಿಪ್ಪು
ಮಾಸ್ಕ್ ಸೋರುವುದಕ್ಕೆ ಕೂದಲೂ ಕಾರಣ. ಅಂಚಿನಡಿ ಒಂದೆಳೆ ಸಿಕ್ಕಿಕೊಂಡರೂ ನೀರು ಬರುತ್ತದೆ. ಮೀಸೆಯಿದ್ದವರಿಗೆ ಮೂಗಿನ ಕೆಳಗಿನಿಂದ ಸ್ವಲ್ಪ ಜಿನುಗುವುದು ಇದ್ದದ್ದೇ. ಪಟ್ಟಿಯನ್ನು ಬಿಗಿಯುತ್ತ ಹೋದರೆ ಸೋರಿಕೆ ಹೆಚ್ಚುತ್ತದೆ, ಏಕೆಂದರೆ ಸಿಲಿಕೋನ್ ಅಂಚು ಮಡಚಿಕೊಳ್ಳುತ್ತದೆ. ಕೊಳ್ಳುವಾಗ ಪಟ್ಟಿ ಹಾಕದೆ ಮುಖಕ್ಕೆ ಇಟ್ಟು ಮೂಗಿನಿಂದ ಮೆಲ್ಲಗೆ ಎಳೆಯಿರಿ, ಕೈಬಿಟ್ಟರೂ ಬೀಳದಿದ್ದರೆ ಅದು ನಿಮ್ಮ ಮುಖಕ್ಕೆ ಹೊಂದುವ ಮಾಸ್ಕ್.

ಈಜುಬಾರದವ
ಮೂರು ಮೀಟರಿಗೆ ಇಷ್ಟೆಲ್ಲ ಇದೆಯಲ್ಲ! ಇದಕ್ಕಿಂತ ಆಳದ ಕೊಳಗಳೂ ಇವೆಯೇ?

ಗುಳ್ಳೆಮಾತು
ಬೇಕಾದಷ್ಟಿವೆ. ಬ್ರಸೆಲ್ಸ್‌ನಲ್ಲಿ 2004ರಲ್ಲಿ ತೆರೆದ ನೀಮೋ 33 ಬಹಳ ಕಾಲ ಹೆಸರುವಾಸಿಯಾಗಿತ್ತು. ಇಟಲಿಯಲ್ಲಿ 2014ರಲ್ಲಿ 40 ಮೀಟರ್ ದಾಟಿದ ವೈ-40 ಬಂತು. 2021ರಲ್ಲಿ ದುಬೈಯಲ್ಲಿ 60 ಮೀಟರ್ ಆಳದ ಕೊಳವೇ ಬಂತು. ಆದರೆ ನನಗೆ ಎಲ್ಲಕ್ಕಿಂತ ಬೆರಗು ಹ್ಯೂಸ್ಟನ್‌ನಲ್ಲಿ ನಾಸಾ ಕಟ್ಟಿರುವ ಕೊಳ. 62 ಮೀಟರ್ ಉದ್ದ, 31 ಮೀಟರ್ ಅಗಲ, 12 ಮೀಟರ್ ಆಳ. ಬಾಹ್ಯಾಕಾಶ ನಿಲ್ದಾಣದ ಭಾಗಗಳ ಮಾದರಿಗಳನ್ನು ಮುಳುಗಿಸಿಟ್ಟು ಗಗನಯಾತ್ರಿಗಳು ಬಾಹ್ಯಾಕಾಶ ನಡಿಗೆಯ ಅಭ್ಯಾಸ ಮಾಡುತ್ತಾರೆ. ಸುತ್ತ ಸ್ಕೂಬಾ ಡೈವರ್‌ಗಳು ಇರುತ್ತಾರೆ, ಯಾತ್ರಿ ಏಳದಂತೆ ಮುಳುಗದಂತೆ ತೂಕವನ್ನು ಹೊಂದಿಸುವುದು ಅವರ ಕೆಲಸ. ಸಮತೇಲುವಿಕೆಯನ್ನು ನಾವು ಕೊಳದಲ್ಲಿ ಕಲಿಯುತ್ತಿರುವಾಗ ಅವರು ಅದನ್ನೇ ಬಾಹ್ಯಾಕಾಶಕ್ಕಾಗಿ ಕಲಿಯುತ್ತಿದ್ದಾರೆ ಎಂದುಕೊಂಡರೆ ಮೈ ಜುಮ್ಮೆನ್ನುತ್ತದೆ.

ಅಲೆಯಮೇಲೆ
ಅಲ್ಲಿ ಯಾರೂ ಮಂಡಿಯೂರುವುದಿಲ್ಲ ತಾನೇ?

ಹಳೆಯಲಂಗರು
ಊರುವುದಿಲ್ಲ, ಏಕೆಂದರೆ ಅವರು ಅದಕ್ಕೂ ಮೊದಲು ಸ್ಕೂಬಾ ಕಲಿತಿರುತ್ತಾರೆ. ವಿಷಯಕ್ಕೆ ಮರಳೋಣ. ಹೊಸಮೀನು ಅವರು ಚಳಿಯ ಬಗ್ಗೆ ಏನೂ ಬರೆದಿಲ್ಲ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ದೇಹದ ಶಾಖವನ್ನು ಎಳೆದುಕೊಳ್ಳುತ್ತದೆ. 28 ಡಿಗ್ರಿಯ ಕೊಳ ಇಳಿದಾಗ ಹಿತವಾಗಿದ್ದರೂ ಒಂದು ಗಂಟೆ ಮಂಡಿಯೂರಿ ಸರದಿ ಕಾಯುತ್ತಿದ್ದರೆ ಹಲ್ಲು ಕಟಕಟಿಸುತ್ತದೆ. ನಡುಗುವ ದೇಹ ವೇಗವಾಗಿ ಉಸಿರಾಡುತ್ತದೆ. ವೇಗದ, ಮೇಲುಮೇಲಿನ ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಸರಿಯಾಗಿ ಹೊರಹೋಗದೆ ಗಾಳಿ ಸಾಲದು ಎನ್ನಿಸತೊಡಗುತ್ತದೆ. ಅಂಥ ಹೊತ್ತಿನಲ್ಲಿ ಮಾಸ್ಕ್ ತುಂಬಿಸಿ ಎಂದರೆ ಯಾರಿಗೂ ಆಗುವುದಿಲ್ಲ. ನಿಮ್ಮ ಮಾಸ್ಕ್ ಅಭ್ಯಾಸ ತರಗತಿಯ ಕೊನೆಯಲ್ಲಿ ಬರುತ್ತಿದ್ದರೆ ಮೊದಲಿಗೆ ಹಾಕಿಕೊಡಿ ಎಂದು ಕೇಳಿ. ಡೈವಿಂಗ್ ಉಡುಪನ್ನೂ ಕೊಳದಲ್ಲೇ ತೊಟ್ಟು ಅಭ್ಯಾಸ ಮಾಡಿ.

ಹೊಸಮೀನು
ಹಳೆಯಲಂಗರು ಅವರೇ, ನೋಡದೆಯೇ ಹೇಳಿಬಿಟ್ಟಿರಲ್ಲ! ಮಾಸ್ಕ್ ಪಾಠ ಯಾವಾಗಲೂ ಕೊನೆಗೇ ಬರುತ್ತಿತ್ತು, ನಾನು ಆ ಹೊತ್ತಿಗೆ ನಡುಗುತ್ತಿರುತ್ತಿದ್ದೆ.

ಬೋಧಕರ ಜೊತೆ ಮಾತನಾಡಿದೆ. ಮೊದಲು ಸ್ವಲ್ಪ ಹಿಂಜರಿದರು, ಗುಂಪಿನ ವೇಳಾಪಟ್ಟಿ ಕೆಡುತ್ತದೆ ಎಂದರು. ಗುಂಪು ಹೋಗಲಿ, ನಾನು ಮುಂದಿನ ಗುಂಪಿನ ಜೊತೆ ಸಮುದ್ರಕ್ಕೆ ಬರುತ್ತೇನೆ ಎಂದ ಮೇಲೆ ಪ್ರತ್ಯೇಕ ಕೊಳದ ತರಗತಿಗೆ ಒಪ್ಪಿದರು. ಅದರಲ್ಲಿ ಮಾಸ್ಕ್ ಮತ್ತು ತೇಲುವಿಕೆ ಎರಡೇ. ತೂಕವನ್ನೂ ಹೊಸದಾಗಿ ನೋಡೋಣ ಎಂದಿದ್ದಾರೆ.

ನೀಲಿರೆಕ್ಕೆ
ಒಳ್ಳೆಯ ನಿರ್ಧಾರ. ಆರೋಗ್ಯದ ಪ್ರಶ್ನಾವಳಿಯನ್ನೂ ಪ್ರಾಮಾಣಿಕವಾಗಿ ತುಂಬಿದ್ದೀರಿ ತಾನೇ? ಅಸ್ತಮಾ, ಹೃದಯದ ತೊಂದರೆ, ಕಿವಿಯ ಶಸ್ತ್ರಚಿಕಿತ್ಸೆ ಏನಿದ್ದರೂ ಮುಚ್ಚಿಡಬೇಡಿ. ಹೌದು ಎಂದು ಬರೆದರೆ ಕೋರ್ಸ್ ಕೈತಪ್ಪುತ್ತದೆ ಎಂದಲ್ಲ, ವೈದ್ಯರ ಒಪ್ಪಿಗೆ ಬೇಕಾಗುತ್ತದೆ ಅಷ್ಟೇ.

ಅಲೆಯಮೇಲೆ
ಒಳ್ಳೆಯದಾಗಲಿ ಹೊಸಮೀನು. ಹೋದಾಗ ಒಂದು ನೆನಪಿಡಿ: ಎಲ್ಲ ಸರಿಯಿದೆ ಎಂದು ಹೇಳಲು ಹೆಬ್ಬೆರಳು ಎತ್ತಬೇಡಿ. ನೀರೊಳಗೆ ಅದರ ಅರ್ಥ "ಮೇಲೆ ಹೋಗೋಣ". ಹೆಬ್ಬೆರಳು ತೋರುಬೆರಳು ಸೇರಿಸಿ ವೃತ್ತ ಮಾಡಿದರೆ ಮಾತ್ರ "ಸರಿಯಿದೆ". ಇನ್ನು ಕೊಳದ ತೂಕಕ್ಕೆ ಸಮುದ್ರದಲ್ಲಿ ಐದಾರು ಕಿಲೋ ಸೇರಿಸಿಕೊಳ್ಳಿ, ಉಪ್ಪುನೀರು ಎತ್ತುತ್ತದೆ.

ಆಳದಾರಿ
ಸನ್ನೆಯ ವಿಷಯ ಸರಿ, ತೂಕದ ಲೆಕ್ಕ ತಪ್ಪು. ಸಮುದ್ರದ ನೀರು ಸಿಹಿನೀರಿಗಿಂತ ಶೇಕಡಾ 2.5ರಷ್ಟು ಮಾತ್ರ ಹೆಚ್ಚು ಸಾಂದ್ರ. ನೀವು ಮತ್ತು ನಿಮ್ಮ ಸಲಕರಣೆ ಎಲ್ಲ ಸೇರಿ 90 ಕಿಲೋ ಇದ್ದು ಕೊಳದಲ್ಲಿ ಸರಿಯಾಗಿ ಹೊಂದಿದ್ದರೆ, ಸಮುದ್ರಕ್ಕೆ ಬೇಕಾಗುವುದು ಸುಮಾರು ಎರಡೂಕಾಲು ಕಿಲೋ ಹೆಚ್ಚು. ಉಡುಪು ದಪ್ಪನಾದರೆ ಅದಕ್ಕೆ ಪ್ರತ್ಯೇಕ ಲೆಕ್ಕ. ಜೊತೆಗೆ ಸಿಲಿಂಡರಿನ ಗಾಳಿಗೂ ತೂಕವಿದೆ. 11 ಲೀಟರಿನ ಸಿಲಿಂಡರಿನಲ್ಲಿ ಒತ್ತಡ 200 ಬಾರ್‌ನಿಂದ 50 ಬಾರ್‌ಗೆ ಬರುವಷ್ಟರಲ್ಲಿ ಎರಡು ಕಿಲೋದಷ್ಟು ಗಾಳಿ ಖರ್ಚಾಗಿರುತ್ತದೆ, ಡೈವ್‌ನ ಕೊನೆಯಲ್ಲಿ ನೀವು ಅಷ್ಟು ಹಗುರ. ಆದ್ದರಿಂದ ತೂಕದ ಪರೀಕ್ಷೆಯನ್ನು ತರಗತಿಯ ಕೊನೆಗೆ, ಸಿಲಿಂಡರ್ ಖಾಲಿಯಾಗುತ್ತ ಬಂದಾಗ ಮಾಡಿ. ಆಗ ಸಿಕ್ಕಿದ ಅಂಕಿಯನ್ನು ಉಡುಪಿನ ದಪ್ಪದ ಸಮೇತ ಬರೆದಿಟ್ಟುಕೊಂಡು ಸಮುದ್ರಕ್ಕೆ ಹೋಗಿ, ಅಲ್ಲಿಯೂ ಇಳಿಯುವ ಮೊದಲು ಕಣ್ಣಿನ ಮಟ್ಟದ ಪರೀಕ್ಷೆ ಇನ್ನೊಮ್ಮೆ ಮಾಡಿ.